ಕಲ್ಲು ಆರಿಸುವುದೋ, ಅಕ್ಕಿ ಆರಿಸುವುದೋ?

ಮದ್ರಸಾದ ಐದನೆಯ ತರಗತಿಯಲ್ಲಿ ಶುದ್ಧಿಯ ಪಾಠ ನಡೆಯುತ್ತಿತ್ತು. ವುಝೂ ಮಾಡಲು ಯಾವ ಯಾವ ನೀರು ಸಲ್ಲುತ್ತದೆಂದು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು. ಮಳೆಯ ನೀರು, ಕಡಲ ನೀರು, ಹೊಳೆಯ ನೀರು, ಬಾವಿಯ ನೀರು, ಒರತೆಯ ನೀರು, ಹಿಮದ ನೀರು, ಆಲಿಕಲ್ಲಿನ ನೀರು. ಅಷ್ಟರಲ್ಲಿ ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಉಸ್ತಾದ್, ಕಡಲ ನೀರಲ್ಲಿ ವುಝೂ ಆಗ್ತದೆ. ಮತ್ತೆ ಕುಡಿಯಲಿಕ್ಕೆ ಯಾಕಾಗುದಿಲ್ಲ? ಜುಬೈಲಿನಲ್ಲಿ ನಮ್ಮ ಬಾಪ ಕಡಲ ನೀರನ್ನೇ ಕುಡಿಯುವುದಂತೆ."

ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಹುಡುಗ ಹೇಳಿದ್ದು ನಿಜ. ನಮ್ಮ ಊರಿನ ಅರ್ಧಕ್ಕರ್ಧ ಮನೆಗಳ ಗಂಡಸರು ಹತ್ತಿಪ್ಪತ್ತು ವರ್ಷಗಳಿಂದ ಕುಡಿಯುತ್ತಿರುವುದು ಉಪ್ಪು ತೆಗೆದ ಕಡಲ ನೀರನ್ನೇ. ಅವರು ಕಳಿಸಿದ ಹಣದಿಂದ ಕಟ್ಟಿದ ಮನೆಗಳಲ್ಲಿ ಅವರ ತಾಯಂದಿರೂ ಮಡದಿಯರೂ ಮಾರ್ಚ್ ಬಂತೆಂದರೆ ಉಪ್ಪಾದ ಬಾವಿಯ ಮುಂದೆ ಕೈಚೆಲ್ಲಿ ನಿಲ್ಲುತ್ತಾರೆ. ನಮ್ಮದು ಕಡಲಿನಿಂದ ಕೂಗಳತೆಯ ದೂರದಲ್ಲಿರುವ ಊರು. ಬೇಸಿಗೆಯಲ್ಲಿ ಬಾವಿಯ ನೀರಿಗೆ ಹಾಕಿದ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ನಾಲಗೆಯ ತುದಿಯಲ್ಲಿ ಉಪ್ಪು ಉಳಿಯುತ್ತದೆ. ಗುಡ್ಡದ ಮೇಲಿನ ಒಂದೇ ಒಂದು ಸಿಹಿ ಬಾವಿಗೆ ಕೊಡ ಹೊತ್ತು ಹೋಗುವವರು ಯಾರೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹುಡುಗನಿಗೆ ಅಂದು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ನಾನು ಬಿ.ಎ. ಮಾಡಿದ್ದು ದೂರಶಿಕ್ಷಣದಲ್ಲಿ, ಇತಿಹಾಸ ಮತ್ತು ಕನ್ನಡ ಸಾಹಿತ್ಯ ಓದಿ. ವಿಜ್ಞಾನ ಹತ್ತನೆಯ ತರಗತಿಗೇ ನಿಂತಿತು. ಆದ್ದರಿಂದ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅಕ್ಕನ ಮಗಳ ಬೆನ್ನು ಹತ್ತಿದೆ. ಮುಂದೆ ಬರೆದಿರುವುದರಲ್ಲಿ ತಿಳುವಳಿಕೆಯ ಭಾಗ ಅವಳದ್ದು, ಅಡ್ಡಮಾತುಗಳು ನನ್ನವು.

ಕಡಲ ನೀರಿನಿಂದ ಉಪ್ಪು ತೆಗೆಯುವ ಹಳೆಯ ದಾರಿ ಕುದಿಸುವುದು. ಹಬೆಯ ಜೊತೆ ಉಪ್ಪು ಏಳುವುದಿಲ್ಲ, ಹಬೆ ತಣ್ಣಗಾದರೆ ಸಿಹಿನೀರು. ಗಂಜಿಯ ಪಾತ್ರೆಯ ಮುಚ್ಚಳ ತೆಗೆದಾಗ ಜಾರಿ ಬೀಳುವ ಹನಿಗಳು ಅದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉಸ್ಮಾನಿಯ ಆಡಳಿತದ ಕಾಲಕ್ಕೇ ಜಿದ್ದಾದಲ್ಲಿ ಇಂತಹ ಒಂದು ಯಂತ್ರವಿತ್ತು. ಹಜ್ಜ್ ಯಾತ್ರಿಕರ ಹಡಗುಗಳು ಬಂದು ತಂಗುವ ಊರು, ಕುಡಿಯುವ ನೀರಿಗೆ ಮಾತ್ರ ಸದಾ ತತ್ವಾರ. ಹಬೆಯನ್ನು ತಣಿಸುವ ಯಂತ್ರಕ್ಕೆ ಕಂಡೆನ್ಸರ್ ಎಂಬ ಹೆಸರು, ಅದು ಅರಬರ ಬಾಯಲ್ಲಿ "ಕಿಂದಾಸ" ಆಯಿತು. ಇಂದಿಗೂ ಜಿದ್ದಾದ ಹಳಬರಿಗೆ ಆ ಹೆಸರು ಗೊತ್ತು.

ಕುದಿಸುವುದರ ಖರ್ಚು ಎಷ್ಟು? ಒಂದು ಸಾವಿರ ಲೀಟರ್ ನೀರನ್ನು ಪೂರ್ತಿ ಹಬೆಯಾಗಿಸಲು ಬೇಕಾಗುವ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 700 ಯುನಿಟ್. ಕೊಲ್ಲಿಯ ದೊಡ್ಡ ಘಟಕಗಳು ಅಷ್ಟನ್ನು ಸುಡುವುದಿಲ್ಲ. ಒಮ್ಮೆ ಕೊಟ್ಟ ಶಾಖವನ್ನೇ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸಿ ಹತ್ತಾರು ಬಾರಿ ದುಡಿಸುತ್ತವೆ, ಪಕ್ಕದ ವಿದ್ಯುತ್ ಸ್ಥಾವರದಿಂದ ಉಳಿದ ಹಬೆಯನ್ನು ಬಳಸುತ್ತವೆ. ಆದರೂ ಅದು ಎಣ್ಣೆ ಬಾವಿಗಳ ಮೇಲೆ ಕುಳಿತವರು ಮಾತ್ರ ಮಾಡಬಹುದಾದ ಅಡುಗೆ. ಈಗ ಅವರೂ ಅದನ್ನು ಬಿಡುತ್ತಿದ್ದಾರೆ. ಸೌದಿ ಅರೇಬಿಯಾದಲ್ಲಿ ಇತ್ತೀಚೆಗೆ ಕಟ್ಟಿದ ದೊಡ್ಡ ಘಟಕಗಳಲ್ಲಿ ಹೆಚ್ಚಿನವು ಆರ್.ಒ. ಘಟಕಗಳು.

ಆರ್.ಒ. ಎಂದರೆ ನಮ್ಮ ಅಡುಗೆಮನೆಯ ಗೋಡೆಗೆ ನೇತುಹಾಕುವ ಪೆಟ್ಟಿಗೆಯೇ. ಅದರೊಳಗೆ ಒಂದು ತೆಳುವಾದ ಪೊರೆಯಿದೆ. ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಬಿಡುವುದಿಲ್ಲ. ಸುಮ್ಮನೆ ಬಿಟ್ಟರೆ ಸಿಹಿನೀರೇ ಉಪ್ಪುನೀರಿನ ಕಡೆಗೆ ಹರಿಯುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಟ್ಟು ಸುಕ್ಕುವುದು ಇದೇ ಕಾರಣಕ್ಕೆ. ಆ ಸ್ವಭಾವಕ್ಕೆ ಎದುರಾಗಿ ನೀರನ್ನು ಒತ್ತಿ ಹಾಯಿಸಬೇಕು. 1960ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್ ಎಂಬಿಬ್ಬರು ಬಳಕೆಗೆ ಬರುವಂತಹ ಪೊರೆಯನ್ನು ಮಾಡಿ ತೋರಿಸಿದರು. ಬಾವಿಯ ನೀರಿಗೆ ಸಣ್ಣ ಪಂಪು ಸಾಕು. ಕಡಲ ನೀರಿಗಾದರೆ ಕಾರಿನ ಟಯರಿನಲ್ಲಿರುವ ಗಾಳಿಯ ಒತ್ತಡದ ಸುಮಾರು 30 ಪಟ್ಟು ಬೇಕು.

ಈ ಒತ್ತಡಕ್ಕೆ ತಗಲುವ ಕರೆಂಟು ಇಂದಿನ ಉತ್ತಮ ಘಟಕಗಳಲ್ಲಿ ಸಾವಿರ ಲೀಟರಿಗೆ 3ರಿಂದ 4 ಯುನಿಟ್. 700ರ ಮುಂದೆ ಇದು ಏನೂ ಅಲ್ಲ ಎನಿಸಬಹುದು. ಅಕ್ಕನ ಮಗಳು ಇನ್ನೊಂದು ಲೆಕ್ಕ ಹಾಕಿ ತೋರಿಸಿದಳು. ಒಂದು ಯುನಿಟ್ ಕರೆಂಟಿನ ಶಕ್ತಿ ಚೂರೂ ಸೋರದೆ ಕೆಲಸ ಮಾಡಿದರೆ ಸಾವಿರ ಲೀಟರ್ ನೀರನ್ನು 367 ಮೀಟರ್ ಎತ್ತರಕ್ಕೆ ಎತ್ತಬಹುದು. ಮೂರೂವರೆ ಯುನಿಟ್ಟಿಗೆ ಅದು 1,280 ಮೀಟರ್ ದಾಟುತ್ತದೆ. ಎಂದರೆ ಕಡಲ ದಂಡೆಯಿಂದ ಮಡಿಕೇರಿಯ ಎತ್ತರಕ್ಕಿಂತ ಮೇಲೆ. "ಮಾಮ, ನಾವು ಕುಡಿಯುವ ಒಂದೊಂದು ಕೊಡವೂ ಮೊದಲು ಮಡಿಕೇರಿಗೆ ಹೋಗಿ ಬಂದ ಹಾಗೆ" ಎಂದಳು. ಪ್ರಕೃತಿ ಕೇಳುವ ಕನಿಷ್ಠ ಬೆಲೆ ಇದಕ್ಕಿಂತ ಎಷ್ಟೋ ಕಡಿಮೆ. ಯಾವ ಉಪಾಯ ಮಾಡಿದರೂ ಅದಕ್ಕಿಂತ ಕೆಳಗೆ ಇಳಿಯಲಾಗದ ತಳವೊಂದಿದೆ. ಕಡಲಿನಿಂದ ತೆಗೆದ ನೀರಿನ ಅರ್ಧವನ್ನು ಸಿಹಿ ಮಾಡುವುದಾದರೆ ಆ ತಳ ಸಾವಿರ ಲೀಟರಿಗೆ ಸುಮಾರು 1 ಯುನಿಟ್. ನಾವು ಕೊಡುತ್ತಿರುವ ಮೂರೂವರೆಗೂ ಆ ಒಂದಕ್ಕೂ ನಡುವೆ ಇರುವ ಜಾಗದಲ್ಲಿಯೇ ಎಲ್ಲ ಸಂಶೋಧನೆಗಳೂ ನಡೆಯುತ್ತಿರುವುದು.

ಇದು ದೂರದ ಮಾತೆಂದು ಭಾವಿಸಬೇಡಿ. ಮಂಗಳೂರಿನ ಪೆಟ್ರೋಲಿಯಂ ಸಂಸ್ಕರಣಾಗಾರವು 2019ರ ಬೇಸಿಗೆಯಲ್ಲಿ ನೇತ್ರಾವತಿಯಲ್ಲಿ ನೀರು ಸಾಲದೆ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಅದು ಕಡಲ ನೀರನ್ನು ಸಿಹಿಗೊಳಿಸುವ ತನ್ನದೇ ಘಟಕವನ್ನು ಕಟ್ಟಿಸಿತು, ಅದೂ ಆರ್.ಒ. ಘಟಕವೇ. ಕಟ್ಟಿಸಿದ ಊರಿನ ಹೆಸರು ತಣ್ಣೀರುಬಾವಿ! ಕಡಲ ತಡಿಯಲ್ಲಿ ಹಿಂದೊಮ್ಮೆ ಯಾರೋ ತಣ್ಣನೆಯ ಸಿಹಿನೀರು ಕಂಡು ಇಟ್ಟ ಹೆಸರಿರಬೇಕು. ಚೆನ್ನೈ ನಗರವಂತೂ 2010ರಲ್ಲಿ ಮಿಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರಿನ ಘಟಕಗಳನ್ನು ಆರಂಭಿಸಿ ಕಡಲನ್ನು ಕುಡಿಯತೊಡಗಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಐದು ವರ್ಷಗಳ ಹಿಂದೆ ನಮ್ಮ ಮಸೀದಿಯ ಅಂಗಳದಲ್ಲಿ ಊರವರಿಗೆಲ್ಲ ಕುಡಿಯುವ ನೀರು ಕೊಡುವ ಆರ್.ಒ. ಯಂತ್ರವೊಂದನ್ನು ಕೂರಿಸಿದೆವು. ಕೊಲ್ಲಿಯಲ್ಲಿದ್ದ ಹುಡುಗರು ಹಣ ಕೂಡಿಸಿ ಕಳಿಸಿದರು. ಜಮಾಅತ್ ಕಮಿಟಿಯಲ್ಲಿ ಅದರ ಪರವಾಗಿ ಜೋರಾಗಿ ಮಾತನಾಡಿದವನು ನಾನೇ. ಮೊದಲ ಬೇಸಿಗೆ ಎಲ್ಲರೂ ದುಆ ಮಾಡಿದರು. ನನ್ನ ಮನೆಯಾಕೆ ಕೂಡ ವರ್ಷಗಳ ನಂತರ ಬೇಳೆ ಸರಿಯಾಗಿ ಬೆಂದಿತೆಂದಳು. ಮೂರನೆಯ ವರ್ಷಕ್ಕೆ ಪೊರೆ ಕಟ್ಟಿಕೊಂಡಿತು. ಹೊಸ ಪೊರೆಗೆ ಹಣ ಯಾರು ಕೊಡಬೇಕೆಂಬ ಚರ್ಚೆ ನಾಲ್ಕು ಜುಮಾ ದಾಟಿತು. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದು ಹೊರಬಿತ್ತು.

ಆರ್.ಒ. ಯಂತ್ರ ಒಂದು ಕೊಡ ಸಿಹಿನೀರಿಗೆ ಎರಡು ಕೊಡ ಹೆಚ್ಚು ಉಪ್ಪಾದ ನೀರನ್ನು ಹೊರಗೆ ಬಿಡುತ್ತಿತ್ತು. ಆ ನೀರಿಗಾಗಿ ಮಸೀದಿಯ ಹಿಂದೆ ಒಂದು ಗುಂಡಿ ತೋಡಿದ್ದೆವು. ಗುಂಡಿಗೂ ಬಾವಿಗೂ ನಡುವೆ ಹದಿನೈದು ಹೆಜ್ಜೆ. ನಮ್ಮದು ಮರಳು ನೆಲ. ಮೂರು ವರ್ಷ ನಾವು ಬಾವಿಯಿಂದ ತೆಗೆದ ಉಪ್ಪನ್ನು ಸುತ್ತಿಬಳಸಿ ಅದೇ ಬಾವಿಗೆ ತುಂಬಿಸುತ್ತಿದ್ದೆವು! ಸಾಲದ್ದಕ್ಕೆ ಯಂತ್ರಕ್ಕೆಂದು ದಿನವಿಡೀ ಮೋಟಾರು ಓಡುತ್ತಿತ್ತು. ಕಡಲ ದಡದ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಮಜ್ಜಿಗೆಯ ಮೇಲಿನ ಬೆಣ್ಣೆಯ ಹಾಗೆ. ಮೇಲಿನಿಂದ ಸ್ವಲ್ಪ ಸಿಹಿನೀರು ಎಳೆದರೂ ಕೆಳಗಿನ ಉಪ್ಪುನೀರು ಅದಕ್ಕಿಂತ ಎಷ್ಟೋ ಹೆಚ್ಚು ಮೇಲೆ ಬರುತ್ತದೆ. ಒಂದಡಿಗೆ ನಲವತ್ತು ಅಡಿ ಎಂಬುದು ಭೂಜಲದವರ ಲೆಕ್ಕ. ಯಂತ್ರ ಮಾರಿದವರು ಇದನ್ನು ಹೇಳಲಿಲ್ಲ ಎಂಬುದು ನಿಜ. ನಾವು ಕೇಳಲೂ ಇಲ್ಲ. ಈಗ ಆ ಪೆಟ್ಟಿಗೆಯ ಮೇಲೆ ಮಕ್ಕಳು ಟೋಪಿ ಇಡುತ್ತಾರೆ.

ಈ ಕಾರಣಕ್ಕೇ ಕಮಿಟಿಯವರು ಕಳೆದ ಬೇಸಿಗೆಯಲ್ಲಿ ಹೊಸ ಯಂತ್ರದ ಮಾತೆತ್ತಿದಾಗ "ಉಸ್ತಾದರೇ, ಈ ಸಲ ನೀವು ಸ್ವಲ್ಪ ಸುಮ್ಮನಿರಿ" ಎಂದರು. ನಾನು ಸುಮ್ಮನಿದ್ದು ಓದತೊಡಗಿದೆ.

ಉಪ್ಪು ತೆಗೆಯಲು ಇನ್ನೊಂದು ದಾರಿಯಿದೆ. ಅದು ಆರ್.ಒ.ಗಿಂತ ಹಳೆಯದು, ಆದರೆ ನಮ್ಮ ಕಡೆ ಹೆಸರು ಕೇಳಿದವರು ಕಡಿಮೆ. ಇಲೆಕ್ಟ್ರೋಡಯಾಲಿಸಿಸ್ ಎನ್ನುತ್ತಾರೆ. ವಿದ್ಯುತ್ತಿನಿಂದ ಉಪ್ಪನ್ನು ಬೇರ್ಪಡಿಸುವುದು ಎಂದರೆ ಸಾಕು. ನೀರಿಗೆ ಬಿದ್ದ ಉಪ್ಪು ಎರಡು ಭಾಗವಾಗುತ್ತದೆ. ಸೋಡಿಯಂ ಎಂಬುದು ಧನ ವಿದ್ಯುತ್ತನ್ನೂ ಕ್ಲೋರೈಡ್ ಎಂಬುದು ಋಣ ವಿದ್ಯುತ್ತನ್ನೂ ಹೊತ್ತುಕೊಂಡು ನೀರಿನಲ್ಲಿ ಬೇರೆ ಬೇರೆಯಾಗಿ ಅಲೆಯುತ್ತವೆ. ನೀರಿನ ಎರಡು ಬದಿಯಲ್ಲಿ ಲೋಹದ ಫಲಕ ಇಟ್ಟು ಬ್ಯಾಟರಿಗೆ ಜೋಡಿಸಿದರೆ ಸೋಡಿಯಂ ಒಂದು ಕಡೆಗೂ ಕ್ಲೋರೈಡ್ ಇನ್ನೊಂದು ಕಡೆಗೂ ಎಳೆಯಲ್ಪಡುತ್ತವೆ. ಈ ಫಲಕಗಳನ್ನು ಪಠ್ಯಪುಸ್ತಕದಲ್ಲಿ ವಿದ್ಯುದ್ವಾರ ಎಂದಿದ್ದಾರೆ, ಮಕ್ಕಳಿರುವ ಮನೆಯವರಿಗೆ ಪರಿಚಯದ ಶಬ್ದ.

ಎಳೆದರಷ್ಟೇ ಸಾಲದು, ಎಳೆದ ಉಪ್ಪು ಮರಳಿ ಬರದಂತೆ ತಡೆಯಬೇಕು. ಅದಕ್ಕೆ ಎರಡು ಬಗೆಯ ಪೊರೆಗಳಿವೆ. ಒಂದು ಸೋಡಿಯಂನಂತಹ ಧನ ಕಣಗಳನ್ನು ಮಾತ್ರ ಬಿಡುತ್ತದೆ, ಇನ್ನೊಂದು ಕ್ಲೋರೈಡಿನಂತಹ ಋಣ ಕಣಗಳನ್ನು ಮಾತ್ರ. ನಮ್ಮ ಮದುವೆ ಹಾಲುಗಳಲ್ಲಿ ಗಂಡಸರ ಬಾಗಿಲು, ಹೆಂಗಸರ ಬಾಗಿಲು ಬೇರೆ ಬೇರೆ ಇರುವುದಿಲ್ಲವೇ? ಹಾಗೆಂದುಕೊಳ್ಳಿ. ಸಾಲಾಗಿ ಕೋಣೆಗಳಿವೆ. ಒಂದು ಗೋಡೆಗೆ ಗಂಡಸರ ಬಾಗಿಲು ಮಾತ್ರ, ಮುಂದಿನ ಗೋಡೆಗೆ ಹೆಂಗಸರ ಬಾಗಿಲು ಮಾತ್ರ, ಹೀಗೆ ಒಂದು ಬಿಟ್ಟು ಒಂದು. ಗಂಡಸರೆಲ್ಲ ಪಡುವಣಕ್ಕೆ, ಹೆಂಗಸರೆಲ್ಲ ಮೂಡಣಕ್ಕೆ ನಡೆಯಬೇಕೆಂದು ಹೇಳಿ ಬಿಟ್ಟರೆ ಏನಾಗುತ್ತದೆ? ಪಡುವಣ ಗೋಡೆಗೆ ಗಂಡಸರ ಬಾಗಿಲೂ ಮೂಡಣ ಗೋಡೆಗೆ ಹೆಂಗಸರ ಬಾಗಿಲೂ ಇರುವ ಕೋಣೆ ಸ್ವಲ್ಪ ಹೊತ್ತಿಗೆ ಖಾಲಿ. ಅದರ ಪಕ್ಕದ ಕೋಣೆಗೆ ಎರಡೂ ಕಡೆಯಿಂದ ಜನ ಬರುತ್ತಾರೆ, ಮುಂದಕ್ಕೆ ಹೋಗಲು ಬಾಗಿಲಿಲ್ಲ, ಅಲ್ಲಿಯೇ ನೂಕುನುಗ್ಗಲು. ಖಾಲಿಯಾದ ಕೋಣೆ ಎಂದರೆ ಸಿಹಿನೀರು, ನೂಕುನುಗ್ಗಲಿನ ಕೋಣೆ ಎಂದರೆ ಗಟ್ಟಿ ಉಪ್ಪುನೀರು. ಇಂತಹ ನೂರಾರು ಕೋಣೆಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಿ ಜೋಡಿಸಿ, ಎರಡು ತುದಿಗೆ ಮಾತ್ರ ಫಲಕ ಇಡುತ್ತಾರೆ.

ಗಮನಿಸಬೇಕಾದ ಸಂಗತಿ ಇದು: ಇಲ್ಲಿ ನೀರು ಪೊರೆಯನ್ನು ದಾಟುವುದೇ ಇಲ್ಲ ಎನ್ನಬಹುದು. ದಾಟುವುದು ಉಪ್ಪು.

ಅಕ್ಕಿ ಆರಿಸಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಮೊರದಲ್ಲಿ ಒಂದು ಸೇರು ಅಕ್ಕಿ, ಅದರಲ್ಲಿ ಹತ್ತು ಕಲ್ಲು. ನಾವು ಕಲ್ಲನ್ನು ಹೆಕ್ಕಿ ಎಸೆಯುತ್ತೇವೆ. ಅಕ್ಕಿಯನ್ನು ಒಂದೊಂದೇ ಕಾಳಾಗಿ ಹೆಕ್ಕಿ ಇನ್ನೊಂದು ಪಾತ್ರೆಗೆ ಹಾಕಿ ಕಲ್ಲನ್ನು ಮೊರದಲ್ಲಿ ಉಳಿಸುವವರುಂಟೇ? ಆರ್.ಒ. ಮಾಡುವುದು ಹಾಗೆಯೇ. ಅದು ನೀರನ್ನು, ಅಂದರೆ ಅಕ್ಕಿಯನ್ನು, ಇಡೀಯಾಗಿ ಪೊರೆಯ ಆಚೆಗೆ ದಾಟಿಸುತ್ತದೆ. ವಿದ್ಯುತ್ತಿನ ವಿಧಾನ ಕಲ್ಲನ್ನು ಹೆಕ್ಕುತ್ತದೆ. ಆದ್ದರಿಂದ ಕಲ್ಲು ಕಡಿಮೆಯಿದ್ದಷ್ಟೂ ಅದರ ಖರ್ಚು ಕಡಿಮೆ. ಅಮೆರಿಕದ ಎಂ.ಐ.ಟಿ. ಎಂಬ ಹೆಸರಾಂತ ವಿದ್ಯಾಸಂಸ್ಥೆಯ ನತಾಶಾ ರೈಟ್ ಮತ್ತು ಏಮಸ್ ವಿಂಟರ್ ಭಾರತದ ಹಳ್ಳಿಗಳ ನೀರನ್ನೇ ಮನಸ್ಸಿನಲ್ಲಿಟ್ಟುಕೊಂಡು 2014ರಲ್ಲಿ ಲೆಕ್ಕ ಹಾಕಿದರು. ಲೀಟರಿಗೆ 1 ಗ್ರಾಂ ಉಪ್ಪಿದ್ದರೆ ವಿದ್ಯುತ್ತಿನ ವಿಧಾನಕ್ಕೆ ಆರ್.ಒ.ಗಿಂತ ಶೇಕಡಾ 75ರಷ್ಟು ಕಡಿಮೆ ಶಕ್ತಿ ಸಾಕು, 3 ಗ್ರಾಂ ಇದ್ದರೆ ಶೇಕಡಾ 30ರಷ್ಟು ಕಡಿಮೆ. ಉಪ್ಪು ಹೆಚ್ಚಿದಂತೆ ಲಾಭ ಕರಗುತ್ತ ಹೋಗುವುದನ್ನು ನೋಡಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಮೊರದಲ್ಲಿ ಹತ್ತು ಕಲ್ಲಿನ ಬದಲು ಮುನ್ನೂರು ಕಲ್ಲು.

ಹಾಗಾದರೆ ಕಡಲಿಗೆ ಈ ವಿದ್ಯೆ ಸಲ್ಲದೇ? ಸಿಂಗಾಪುರದವರು ಈ ಪ್ರಶ್ನೆಯನ್ನು ಬಿಡಲಿಲ್ಲ. ಅದು ದೊಡ್ಡ ನದಿಗಳಿಲ್ಲದ ಪುಟ್ಟ ದ್ವೀಪ, ದಶಕಗಳಿಂದ ನೆರೆಯ ಮಲೇಷ್ಯಾದ ಜೊಹೊರಿನಿಂದ ಕೊಳವೆಯಲ್ಲಿ ನೀರು ತರಿಸಿಕೊಳ್ಳುತ್ತದೆ. ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ನೀರಿನ ಕೊಡಕ್ಕೆ ಪರರ ಬಾವಿಯನ್ನು ನಂಬಿದವರ ಆತಂಕ ಏನೆಂದು ನಮ್ಮ ಗುಡ್ಡ ಹತ್ತುವ ಹೆಣ್ಣುಮಕ್ಕಳನ್ನು ಕೇಳಿ. ಆ ಸರಕಾರ ಸಾವಿರ ಲೀಟರ್ ಕಡಲ ನೀರನ್ನು ಒಂದೂವರೆ ಯುನಿಟ್ ಕರೆಂಟಿನಲ್ಲಿ ಸಿಹಿ ಮಾಡಿಕೊಡುವವರು ಯಾರೆಂದು ಜಗತ್ತಿಗೆ ಸವಾಲು ಹಾಕಿತು. 2008ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪೆನಿ ಅದನ್ನು ಗೆದ್ದುಕೊಂಡು 40 ಲಕ್ಷ ಸಿಂಗಾಪುರ ಡಾಲರ್ ಸಂಶೋಧನಾ ನೆರವು ಪಡೆಯಿತು.

ಅವರ ಉಪಾಯ ಎರಡು ಹಂತದ್ದು. ಮೊದಲು ಮೇಲೆ ಹೇಳಿದಂತೆ ಪೊರೆ ಮತ್ತು ಫಲಕಗಳಿಂದ ಶೇಕಡಾ ಮೂರೂವರೆಯಷ್ಟಿದ್ದ ಉಪ್ಪನ್ನು ಶೇಕಡಾ ಒಂದಕ್ಕಿಂತ ಕೆಳಗೆ ಇಳಿಸುವುದು. ಇಲ್ಲಿಯವರೆಗೆ ಕೆಲಸ ಸಲೀಸು, ಏಕೆಂದರೆ ಉಪ್ಪುನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ. ತೊಡಕು ಇರುವುದು ಕೊನೆಯಲ್ಲಿ. ಉಪ್ಪು ಕಡಿಮೆಯಾದಂತೆ ನೀರು ಕರೆಂಟನ್ನು ತಡೆಯುತ್ತದೆ. ಅಕ್ಕಿ ಆರಿಸುವಾಗ ಕೊನೆಯ ಎರಡು ಕಲ್ಲು ಹುಡುಕಲು ಹಿಡಿಯುವ ಹೊತ್ತು ಮೊದಲಿನ ಎಲ್ಲ ಕಲ್ಲಿಗಿಂತ ಹೆಚ್ಚು. ಅದಕ್ಕೆ ಎರಡನೆಯ ಹಂತದ ಕೋಣೆಗಳಲ್ಲಿ ವಿಶೇಷ ರಾಳದ ಸಣ್ಣ ಮಣಿಗಳನ್ನು ತುಂಬಿದರು. ಉಪ್ಪಿನ ಕಣಗಳು ಮಣಿಯಿಂದ ಮಣಿಗೆ ದಾಟುತ್ತ ಪೊರೆ ತಲುಪುತ್ತವೆ, ಹೊಳೆಗೆ ಹಾಕಿದ ಕಲ್ಲುಗಳ ಮೇಲೆ ಕಾಲಿಟ್ಟು ದಾಟುವ ಹಾಗೆ. ದಿನಕ್ಕೆ 50,000 ಲೀಟರಿನ ಪ್ರಾಯೋಗಿಕ ಘಟಕವನ್ನು ಅಲ್ಲಿ ನಡೆಸಿ, ಆಗಿನ ಉತ್ತಮ ವಿಧಾನಗಳಿಗಿಂತ ಅರ್ಧಕ್ಕರ್ಧ ಶಕ್ತಿ ಉಳಿಯಿತೆಂದು ಕಂಪೆನಿ ಪ್ರಕಟಿಸಿತು.

ಆಮೇಲೇನಾಯಿತು? ಪತ್ರಿಕೆಗಳಲ್ಲಿ ಇಂತಹ ಸುದ್ದಿಗಳ ಮೊದಲ ಅಧ್ಯಾಯ ಮಾತ್ರ ಬರುತ್ತದೆ, ಎರಡನೆಯದನ್ನು ನಾವೇ ಹುಡುಕಬೇಕು. ಸೀಮೆನ್ಸ್ ತನ್ನ ನೀರಿನ ವ್ಯವಹಾರವನ್ನೇ ಮಾರಿಬಿಟ್ಟಿತು. 2014ರಿಂದ ಅದು ಎವೋಕ್ವಾ ಎಂಬ ಹೆಸರಿನಲ್ಲಿ ನಡೆದು 2023ರಲ್ಲಿ ಇನ್ನೊಂದು ಕಂಪೆನಿಯ ಪಾಲಾಯಿತು. ಸಿಂಗಾಪುರವು 2018ರಲ್ಲಿ ತುವಾಸಿನಲ್ಲಿ, 2020ರಲ್ಲಿ ಮರೀನಾ ಈಸ್ಟಿನಲ್ಲಿ, 2022ರಲ್ಲಿ ಜುರಾಂಗ್ ದ್ವೀಪದಲ್ಲಿ ಕಟ್ಟಿದ ದೊಡ್ಡ ಘಟಕಗಳೆಲ್ಲ ಆರ್.ಒ. ಘಟಕಗಳೇ. ಕರೆಂಟು ಉಳಿಸಿದರೂ ಪೊರೆಗಳ ಬೆಲೆ ಬಹಳ. ಉಪ್ಪುನೀರಿಗೆ ಬೇಕಾಗುವ ಪೊರೆಯ ಅಳತೆಯೂ ಹೆಚ್ಚು. ಅಷ್ಟರಲ್ಲಿ ಆರ್.ಒ. ಕೂಡ ಕೈಕಟ್ಟಿ ಕುಳಿತಿರಲಿಲ್ಲ. ಹೊರಬರುವ ಉಪ್ಪುನೀರಿನ ಒತ್ತಡವನ್ನೇ ಹಿಡಿದು ಒಳಬರುವ ನೀರಿಗೆ ಕೊಡುವ ಸಾಧನಗಳು ಬಂದು ಅದರ ಖರ್ಚೂ ಇಳಿಯಿತು. ಹಾಗೆಂದು ಸಿಂಗಾಪುರದ ಪ್ರಯತ್ನ ವ್ಯರ್ಥವೆಂದು ನಾನು ಹೇಳಲಾರೆ. ಮೂರೂವರೆ ಯುನಿಟ್ ಎಂಬುದು ಅಳಿಸಲಾಗದ ಗೆರೆಯಲ್ಲ ಎಂಬುದು ಅಲ್ಲಿ ರುಜುವಾತಾಯಿತು.

ಇದೇ ಯಂತ್ರವನ್ನು ಕಡಲಿಗೇ ಇಟ್ಟು ದಶಕಗಳಿಂದ ಲಾಭ ಮಾಡುತ್ತಿರುವವರು ಜಪಾನಿನವರು. ಅವರಿಗೆ ಬೇಕಿದ್ದದ್ದು ನೀರಲ್ಲ, ಉಪ್ಪು! ಮಳೆ ಹೆಚ್ಚು, ಉಪ್ಪಿನ ಗದ್ದೆಗೆ ಬಿಸಿಲೂ ಜಾಗವೂ ಸಾಲದು. 1972ರ ಹೊತ್ತಿಗೆ ಅಲ್ಲಿ ಉಪ್ಪು ತಯಾರಿಕೆ ಗದ್ದೆಗಳನ್ನು ಬಿಟ್ಟು ಈ ಪೊರೆಗಳಿಗೆ ಬದಲಾಯಿತು. ನೂಕುನುಗ್ಗಲಿನ ಕೋಣೆಯ ಗಟ್ಟಿ ಉಪ್ಪುನೀರನ್ನು ಕುದಿಸಿ ಊಟದ ಉಪ್ಪು ಮಾಡುತ್ತಾರೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲು ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಅವರು ಕರೆಂಟಿನಿಂದ ಮಾಡಿಸುತ್ತಾರೆ.

ಇನ್ನೊಂದು ಸುದ್ದಿ ಹಲವರ ಮೊಬೈಲಿಗೆ ಬಂದಿರಬಹುದು. 2022ರಲ್ಲಿ ಎಂ.ಐ.ಟಿ.ಯವರೇ ಹತ್ತು ಕಿಲೋಕ್ಕಿಂತ ಹಗುರವಾದ, ಸೂಟ್‌ಕೇಸಿನಷ್ಟು ದೊಡ್ಡ ಯಂತ್ರವೊಂದನ್ನು ಬೋಸ್ಟನ್ನಿನ ಕಡಲ ತಡಿಯಲ್ಲಿ ನಡೆಸಿ ತೋರಿಸಿದರು. ಗುಂಡಿ ಒತ್ತಿದರೆ ಕಡಲ ನೀರು ಕುಡಿಯುವ ನೀರಾಗುತ್ತದೆ, ಅದೂ ಮೊಬೈಲ್ ಚಾರ್ಜರಿಗಿಂತ ಕಡಿಮೆ ಕರೆಂಟಿನಲ್ಲಿ. ಇದನ್ನು ನನಗೆ ಕಳಿಸಿದವರು ಕನಿಷ್ಠ ಹನ್ನೆರಡು ಮಂದಿ, ಎಲ್ಲರೂ "ಉಸ್ತಾದರೇ, ನಮ್ಮ ಮಸೀದಿಗೆ ಇದೇ ಆಗಲಿ" ಎಂದವರೇ. ಸುದ್ದಿ ಸುಳ್ಳಲ್ಲ. ಆದರೆ ಅದು ಗಂಟೆಗೆ ಕೊಡುವುದು ಒಂದು ಲೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಲೀಟರಿನ ಲೆಕ್ಕದಲ್ಲಿ ನೋಡಿದರೆ ಸಾವಿರ ಲೀಟರಿಗೆ 20 ಯುನಿಟ್ ಬೀಳುತ್ತದೆ, ದೊಡ್ಡ ಆರ್.ಒ. ಘಟಕದ ಐದಾರು ಪಟ್ಟು. ನಡುಗಡಲಿನಲ್ಲಿ ಎಂಜಿನ್ ಕೆಟ್ಟು ನಿಂತ ದೋಣಿಯವರ ಜೀವ ಉಳಿಸಲು ಅದು ದೊಡ್ಡ ವರ. ಅಲ್ಲಿ ಯುನಿಟ್ ಲೆಕ್ಕ ಕೇಳುವವರು ಯಾರು? ಊರಿಗೆ ನೀರುಣಿಸಲು ಮಾತ್ರ ಅಲ್ಲ. ಚಾರ್ಜರಿಗಿಂತ ಕಡಿಮೆ ಎಂಬ ಮಾತು ಒಂದು ಕ್ಷಣದ ಲೆಕ್ಕ, ನಮಗೆ ಬೇಕಾದದ್ದು ಒಂದು ಕೊಡದ ಲೆಕ್ಕ.

ಹಾಗಾಗಿ ನನ್ನ ಓದು ಸುತ್ತಿ ಸುತ್ತಿ ಕಡಲಿನಿಂದ ಬಾವಿಗೇ ಮರಳಿತು. ಮೇ ತಿಂಗಳಿನಲ್ಲಿ ನಮ್ಮ ಮಸೀದಿಯ ಬಾವಿಯ ನೀರನ್ನು ಅಳೆದಾಗ ಲೀಟರಿಗೆ 1,800 ಮಿಲಿಗ್ರಾಂ ಕರಗಿದ ಉಪ್ಪು ತೋರಿಸಿತು. ಕುಡಿಯುವ ನೀರಿನಲ್ಲಿ 500ರ ಒಳಗಿದ್ದರೆ ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 2,000ದವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಸೇರಿನಲ್ಲಿ ಹತ್ತು ಕಲ್ಲು ಎಂದೆನಲ್ಲ, ನಮ್ಮದು ಅದೇ ಲೆಕ್ಕದ ನೀರು. ಎಂ.ಐ.ಟಿ.ಯವರು ಬಿಸಿಲಿನ ಕರೆಂಟಿನಿಂದ ನಡೆಯುವ ಇಂತಹ ಘಟಕಕ್ಕಾಗಿ 2015ರಲ್ಲಿ ಅಮೆರಿಕ ಸರಕಾರದ ನೆರವು ಸಂಸ್ಥೆ ಏರ್ಪಡಿಸಿದ್ದ ಸ್ಪರ್ಧೆಯನ್ನು ಗೆದ್ದರು. ಆಮೇಲೆ ಹೈದರಾಬಾದಿನಿಂದ ಹೊರಗೆ, ತೆಲಂಗಾಣದ ಚೆಲ್ಲೂರು ಎಂಬ ಹಳ್ಳಿಯಲ್ಲಿ ಅದನ್ನು ಇಟ್ಟು ಪರೀಕ್ಷಿಸಿದರು. ಕಲ್ಲು ಹೆಕ್ಕುವ ವಿಧಾನವಾದ್ದರಿಂದ ಎಸೆಯುವ ನೀರೂ ಕಡಿಮೆ. ಇಂತಹ ಬಾವಿ ನೀರಿನ ಶೇಕಡಾ 80-90ರಷ್ಟನ್ನು ಸಿಹಿಯಾಗಿ ಪಡೆಯಬಹುದು. ಕರೆಂಟಿನ ದಿಕ್ಕನ್ನು ಆಗಾಗ ಹಿಂದುಮುಂದು ಮಾಡಿದರೆ ಪೊರೆಗೆ ಅಂಟಿದ ಸುಣ್ಣ ತಾನಾಗಿ ಕಳಚಿಕೊಳ್ಳುತ್ತದೆ. ನಮ್ಮ ದೇಶಕ್ಕೂ ಇದು ಹೊಸತಲ್ಲ. ಗುಜರಾತಿನ ಭಾವನಗರದಲ್ಲಿ 1954ರಲ್ಲಿ ಆರಂಭವಾದ ಕೇಂದ್ರ ಉಪ್ಪು ಸಂಶೋಧನಾ ಸಂಸ್ಥೆ ದಶಕಗಳಿಂದ ಈ ಪೊರೆಗಳ ಮೇಲೆ ಕೆಲಸ ಮಾಡುತ್ತ ಬಂದಿದೆ.

ಒಂದು ಎಚ್ಚರಿಕೆ ಹೇಳದಿದ್ದರೆ ಐದು ವರ್ಷದ ಹಿಂದಿನ ನನ್ನ ತಪ್ಪೇ ಮರುಕಳಿಸುತ್ತದೆ. ಈ ವಿಧಾನ ವಿದ್ಯುತ್ ಹೊತ್ತ ಕಣಗಳನ್ನು ಮಾತ್ರ ಎಳೆಯುತ್ತದೆ. ಉಪ್ಪು, ಸುಣ್ಣ ಹೋಗುತ್ತವೆ. ಪಾವಗಡದ ಕಡೆಯ ಜನರ ಹಲ್ಲು ಮೂಳೆ ಕೆಡಿಸಿದ ಫ್ಲೋರೈಡ್ ಕೂಡ ಕಡಿಮೆಯಾಗುತ್ತದೆ. ರೋಗಾಣು ಮಾತ್ರ ಹೋಗುವುದಿಲ್ಲ, ಏಕೆಂದರೆ ನೀರು ಪೊರೆಯನ್ನು ದಾಟದೆ ಹಾಗೆಯೇ ಹೊರಬರುತ್ತದೆ. ಶೌಚದ ಗುಂಡಿ ಬಾವಿಗೆ ಹತ್ತಿರವಿರುವ ನಮ್ಮಂತಹ ಕಡೆ ಆ ನೀರನ್ನು ಮತ್ತೆ ಕುದಿಸಬೇಕು ಅಥವಾ ಬೇರೆ ರೀತಿಯಲ್ಲಿ ಶುದ್ಧಗೊಳಿಸಬೇಕು. ರುಚಿ ಸಿಹಿಯಾಯಿತೆಂದು ತಾಯಂದಿರು ಮಕ್ಕಳಿಗೆ ನೇರವಾಗಿ ಕುಡಿಸಿಬಿಟ್ಟರೆ ಅನಾಹುತ.

ಈ ಎಲ್ಲವನ್ನೂ ಕಾಗದದಲ್ಲಿ ಬರೆದು ಕಮಿಟಿಯ ಮುಂದಿಟ್ಟೆ. ಯಂತ್ರ ಕೊಳ್ಳಿ ಎಂದು ಈ ಸಲ ಹೇಳಲಿಲ್ಲ. ಮಾರುವವರು ಯಾರೇ ಬರಲಿ, ಕೊಡವೊಂದಕ್ಕೆ ಎಷ್ಟು ಯುನಿಟ್, ಎಷ್ಟು ನೀರು ಎಸೆಯಬೇಕು, ಎಸೆದ ನೀರು ಎಲ್ಲಿಗೆ ಹೋಗಬೇಕು, ಪೊರೆ ಕೆಟ್ಟರೆ ಬದಲಿಸುವವರು ಯಾರು, ಎಷ್ಟಕ್ಕೆ ಎಂದು ಬರೆಸಿಕೊಳ್ಳದೆ ಮುಂಗಡ ಕೊಡಬೇಡಿ ಎಂದಷ್ಟೇ ಹೇಳಿದೆ. ಅಧ್ಯಕ್ಷ ಹಾಜಿಯವರು ಕಾಗದವನ್ನು ಎರಡು ಸಲ ಓದಿ, "ಇದಕ್ಕಿಂತ ಮೊದಲು ಆ ಗುಂಡಿ ಮುಚ್ಚಿಸೋಣ" ಎಂದರು. ಮರುದಿನವೇ ಮುಚ್ಚಿದರು. ಮಸೀದಿಯ ಮಾಡಿನ ಮಳೆನೀರನ್ನು ಬಾವಿಯ ಬದಿಯ ಮರಳಿಗೆ ಇಳಿಸುವ ಕೊಳವೆಯನ್ನೂ ಹಾಕಿಸಿದರು. ಯಂತ್ರದ ಮಾತು ಮುಂದಿನ ಬೇಸಿಗೆಗೆ ಎಂದಾಯಿತು.

ಪ್ರಶ್ನೆ ಕೇಳಿದ ಹುಡುಗನಿಗೆ ಉಪ್ಪು ಅಳೆಯುವ ಪೆನ್ನಿನಂತಹ ಸಾಧನವೊಂದನ್ನು ಅವನ ಬಾಪ ಜುಬೈಲಿನಿಂದ ಕಳಿಸಿಕೊಟ್ಟಿದ್ದಾರೆ. ಪ್ರತಿ ಗುರುವಾರ ಪಾಠ ಮುಗಿದ ಮೇಲೆ ಅವನು ಬಾವಿಗೆ ಕೊಡಪಾನ ಇಳಿಸಿ ಅಳೆದು, ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಮೇ ಕೊನೆಯ ವಾರ 1,840. ಜೂನ್ ಎರಡನೆಯ ವಾರ 1,310. ಜುಲೈ ಮೊದಲ ವಾರ 690. ಅದರ ಮುಂದೆ ಅಂಕಿಗಿಂತ ದೊಡ್ಡ ಅಕ್ಷರದಲ್ಲಿ "ಬೇಳೆ ಬೆಂದಿತು" ಎಂದು ಬರೆದಿದ್ದಾನೆ. ಅವನ ಉಮ್ಮ ಹೇಳಿಸಿದ್ದಂತೆ.